ವೈಫೈ ಗುರುತು ತುಂಬಾ ಇದೆ, ನೆಟ್ ಮಾತ್ರ ಇಲ್ಲ. ಇದು ಹೇಗೆ?

ತೋಟದಮನೆ

ಎಲ್ಲರಿಗೂ ನಮಸ್ಕಾರ. ನನ್ನದು ಶಿರಸಿ ಹತ್ತಿರದ ಹಳ್ಳಿ. ವಯಸ್ಸು 64. ಅಡಿಕೆ ತೋಟ ಬಿಟ್ಟರೆ ಬೇರೆ ವಿದ್ಯೆ ಇಲ್ಲ. ಹೋದ ತಿಂಗಳು ನಮ್ಮ ಮನೆಗೂ ಫೈಬರ್ ಬಂತು. ಹಾಕಲು ಬಂದ ಹುಡುಗ ಜಗಲಿಯ ಗೋಡೆಗೆ ಒಂದು ಬಿಳಿ ಡಬ್ಬಿ ಹೊಡೆದ. ಪಾಸ್‌ವರ್ಡನ್ನು ಕ್ಯಾಲೆಂಡರಿನಲ್ಲಿ ಏಕಾದಶಿ ಪಕ್ಕ ಗೀಚಿದ. ಚಹಾ ಕುಡಿದು ಹೊರಟ. ಏನು ಕೇಳಿದರೂ "ಅದೆಲ್ಲ ಆಟೋಮ್ಯಾಟಿಕ್ ಅಜ್ಜಾ" ಅಂದ.

ಫೋನಿನಲ್ಲಿ ನಮ್ಮ ಮನೆಯ ಹೆಸರೇ ಎರಡು ಸಲ ಕಾಣುತ್ತದೆ. ಒಂದರ ಬಾಲಕ್ಕೆ 5ಜಿ ಅಂತಿದೆ. ನನ್ನದು 4ಜಿ ಫೋನು. ಆದರೂ ಅದಕ್ಕೆ ಸೇರಿಕೊಂಡಿತು! ಜಗಲಿಯಲ್ಲಿ ಕೂತರೆ ಕುದುರೆ ಹಾಗೆ ಓಡುತ್ತದೆ. ಅಡುಗೆಮನೆಗೆ ಹೋದರೆ ಉಸಿರೇ ಇಲ್ಲ. ಹಳೇ ಮನೆ, ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ ಇದೆ.

50 ಎಂಬಿಪಿಎಸ್ ಪ್ಲಾನಿಗೆ ದುಡ್ಡು ಕಟ್ಟಿದ್ದೇನೆ. ಏನಾದರೂ ಇಳಿಸಿಕೊಂಡರೆ ಫೋನು 6 ಎಂಬಿ ಅಂತ ತೋರಿಸುತ್ತದೆ. ಮೋಸ ಅಲ್ವಾ ಇದು?

ಇದೆಲ್ಲ ಹೋಗಲಿ. ನಿನ್ನೆ ಸಂಜೆಯಿಂದ ವೈಫೈ ಗುರುತು ತುಂಬಾ ಇದೆ, ನೆಟ್ ಇಲ್ಲ. ಡಬ್ಬಿಯ ಪಕ್ಕದಲ್ಲೇ ಕೂತರೂ ಇಲ್ಲ. ಇದನ್ನು ಗುಡ್ಡದ ಮೇಲೆ ಬಂದು ಮೊಬೈಲ್ ನೆಟ್‌ನಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರಿನ ಮೊಮ್ಮಗಳಿಗೆ ಫೋನ್ ಮಾಡಿದರೆ ಮೋಡೆಮ್, ರೂಟರ್, ಓಎನ್‌ಟಿ, ಪಿಂಗ್ ಅಂತ ಮಂತ್ರ ಹೇಳುತ್ತಾಳೆ. ಯಾರಾದರೂ ಸಾವಕಾಶವಾಗಿ ಹೇಳುತ್ತೀರಾ?

ಫೈಬರ್‌ಕೆಲಸದವ

ಸರ್, ನಾನು ಹುಬ್ಬಳ್ಳಿಯವನು. 9 ವರ್ಷದಿಂದ ಇದೇ ಕೆಲಸ. ಸಿದ್ದಾಪುರ ಕಡೆ ಎರಡು ಮಳೆಗಾಲ ಲೈನ್ ಎಳೆದಿದ್ದೇನೆ, ಹಾಗಾಗಿ ನಿಮ್ಮ ಕಡೆಯ ಉಂಬಳದ ಪರಿಚಯ ಚೆನ್ನಾಗಿದೆ. ಆ ಹುಡುಗನನ್ನು ಬೈಯಬೇಡಿ. ದಿನಕ್ಕೆ ಐದಾರು ಮನೆ ಮುಗಿಸಬೇಕು ಅಂದರೆ ಕೂತು ಹೇಳಲು ಪುರುಸೊತ್ತೆಲ್ಲಿ.

ಮೊದಲು ಒಂದು ವಿಷಯ. ವೈಫೈ ಬೇರೆ, ಇಂಟರ್ನೆಟ್ ಬೇರೆ. ತೋಟದಲ್ಲಿ ಸ್ಪ್ರಿಂಕ್ಲರ್ ಇರಬೇಕಲ್ಲ? ಕೆರೆಯಿಂದ ನೀರು ಪೈಪಿನಲ್ಲೇ ಬರುತ್ತದೆ. ಕೊನೆಯ ಇಪ್ಪತ್ತು ಮೂವತ್ತು ಅಡಿ ಮಾತ್ರ ಗಾಳಿಯಲ್ಲಿ ಹಾರುತ್ತದೆ. ಆ ಹಾರುವ ಭಾಗ ವೈಫೈ. ಪೈಪು ಅಂದರೆ ಫೈಬರ್. ಫೋನಿನ ಗುರುತು ಹೇಳುವುದು ಸ್ಪ್ರಿಂಕ್ಲರ್ ಎಷ್ಟು ಹತ್ತಿರ ಇದೆ ಅಂತ ಅಷ್ಟೇ. ಕೆರೆಯ ಹತ್ತಿರ ಪೈಪು ಕಿತ್ತುಬಿದ್ದಿದ್ದರೆ ಅದಕ್ಕೇನು ಗೊತ್ತು?

ನಿಮ್ಮ ಬಿಳಿ ಡಬ್ಬಿಯೊಳಗೆ ಎರಡು ಕೆಲಸ ನಡೆಯುತ್ತದೆ. ಫೈಬರಿನಲ್ಲಿ ಬರುವುದು ಕರೆಂಟಲ್ಲ, ಬೆಳಕು. ಅದನ್ನು ವಿದ್ಯುತ್ ಸಿಗ್ನಲ್ ಮಾಡಿಕೊಳ್ಳುವುದು ಓಎನ್‌ಟಿ. ಟೆಲಿಫೋನ್ ತಂತಿಯ ಕಾಲದಲ್ಲಿ ಲೈನಿನ ಸಿಗ್ನಲ್ ಬದಲಿಸಿಕೊಳ್ಳಲು ಮೋಡೆಮ್ ಇತ್ತು. ಅದೇ ರೂಢಿಯಲ್ಲಿ ಜನ ಈಗಲೂ ಈ ಡಬ್ಬಿಗೆ ಮೋಡೆಮ್ ಅನ್ನುತ್ತಾರೆ. ಬಂದದ್ದನ್ನು ಮನೆಯ ಫೋನು, ಟಿವಿಗಳಿಗೆ ಹಂಚುವುದು ರೂಟರ್.

ಈಗ ಡಬ್ಬಿಯ ಮುಂದೆ ನಿಂತು ದೀಪ ನೋಡಿ. ಪಿಒಎನ್ ಅಂತ ಬರೆದದ್ದು ಹಸಿರಾಗಿ ನಿಂತಿರಬೇಕು, ಮಿಣುಕಬಾರದು. ಎಲ್‌ಒಎಸ್ ಅಂತ ಬರೆದದ್ದು ಕೆಂಪಾಗಿ ಮಿಣುಕುತ್ತಿದ್ದರೆ ನಿಮ್ಮನೆವರೆಗೆ ಬೆಳಕೇ ಬರುತ್ತಿಲ್ಲ. ಆಗ ಹತ್ತು ಸಲ ಆಫ್ ಆನ್ ಮಾಡಿದರೂ ಉಪಯೋಗವಿಲ್ಲ. ಹೊರಗೆ ಸೋಗೆ ಬಿದ್ದು ಲೈನ್ ಹರಿದಿರಬಹುದು. ಇಲ್ಲ, ಒಳಗೇ ಎಲ್ಲೋ ವೈರು ಮಡಚಿರಬಹುದು. ಫೈಬರ್ ಒಳಗಿರುವುದು ಗಾಜಿನ ಎಳೆ. ಸಣ್ಣ ಸುತ್ತಿನಲ್ಲಿ ಬಗ್ಗಿಸಿದರೆ ಮುರಿಯದೇ ಇದ್ದರೂ ಬೆಳಕು ಬದಿಯಿಂದ ಸೋರಿಹೋಗುತ್ತದೆ. ಹಾಗಂತ ತುದಿ ಕಿತ್ತು ಬೆಳಕು ಬರುತ್ತಾ ಅಂತ ಇಣುಕಬೇಡಿ. ಅದು ಕಣ್ಣಿಗೆ ಕಾಣುವ ಬೆಳಕಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ.

5ಜಿ ಗೊಂದಲ ನಿಮ್ಮೊಬ್ಬರದಲ್ಲ. ನನ್ನನ್ನು ಇದನ್ನು ಕೇಳದ ಮನೆಯೇ ಇಲ್ಲ. ಮೊಬೈಲಿನ 5ಜಿ ಅಂದರೆ ಐದನೇ ತಲೆಮಾರು. ನಮ್ಮ ದೇಶಕ್ಕೆ ಅದು ಬಂದದ್ದು 2022ರ ಅಕ್ಟೋಬರಿನಲ್ಲಿ. ರೂಟರ್ ಹೆಸರಿನ ಬಾಲದ 5ಜಿ ಅಂದರೆ 5 ಗಿಗಾಹರ್ಟ್ಸ್, ರೇಡಿಯೋ ಅಲೆಯ ಲೆಕ್ಕ. ಎರಡಕ್ಕೂ ಸಂಬಂಧವೇ ಇಲ್ಲ. ಆ ಹೆಸರಿಡುವವರನ್ನು ಹಿಡಿದು ಎರಡು ಬಾರಿಸಬೇಕು.

ಬಾಲ ಇಲ್ಲದ್ದು 2.4 ಗಿಗಾಹರ್ಟ್ಸ್. ಇದರ ಅಲೆ ಸುಮಾರು 12 ಸೆಂಟಿಮೀಟರ್ ಉದ್ದ. 5ರದ್ದು ಅದರ ಅರ್ಧ. ದೂರದ ಜಾತ್ರೆಯ ಮೈಕು ಮನೆಯೊಳಗೆ ಕೇಳುವಾಗ ಹಾಡಿನ ಮಾತು ತಿಳಿಯುವುದಿಲ್ಲ, ದುಂ ದುಂ ಮಾತ್ರ ಬರುತ್ತದೆ, ಅಲ್ವಾ? ದಪ್ಪ ದನಿ ಗೋಡೆ ದಾಟುತ್ತದೆ, ಸಣ್ಣ ದನಿ ಅಲ್ಲೇ ನಿಲ್ಲುತ್ತದೆ. ಇಲ್ಲೂ ಹೆಚ್ಚುಕಡಿಮೆ ಹಾಗೇ. 5 ಜಾಸ್ತಿ ಸ್ಪೀಡು, ಆದರೆ ನಿಮ್ಮ ಮಣ್ಣಿನ ಗೋಡೆಗೆ ಸೋಲುತ್ತದೆ. ಜಗಲಿಯಲ್ಲಿ 5 ಹಿಡಿಯಿರಿ, ಒಳಗೆ 2.4.

ಸ್ಪೀಡಿನದು ಮೋಸ ಅಲ್ಲ. ಕಂಪನಿ ಹೇಳುವುದು ಬಿಟ್ ಲೆಕ್ಕ, ಫೋನು ತೋರಿಸುವುದು ಬೈಟ್ ಲೆಕ್ಕ. 8 ಬಿಟ್ ಸೇರಿದರೆ 1 ಬೈಟ್. 50 ಭಾಗಿಸು 8, ಆರೂಕಾಲು. ನಿಮಗೆ 6 ಬರುತ್ತಿದೆ ಅಂದರೆ ಪೂರ್ತಿ ಬರುತ್ತಿದೆ. ಖುಷಿಪಡಿ.

ಮೂರನೇಮಹಡಿ

ನಾನು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವವಳು. ನಿಮ್ಮ ಕಷ್ಟ ಗೋಡೆ, ನಮ್ಮ ಕಷ್ಟ ಪಕ್ಕದ ಮನೆಗಳು. ನನ್ನ ಫೋನಿನಲ್ಲಿ ಈಗ 23 ವೈಫೈ ಹೆಸರು ಕಾಣುತ್ತಿದೆ. ಈ ಹೆಸರಿಗೇ ಎಸ್‌ಎಸ್‌ಐಡಿ ಅನ್ನುತ್ತಾರೆ. ವೈಫೈ ಅಲೆ ಓಡಾಡುವ ದಾರಿಗೆ ಚಾನೆಲ್ ಅನ್ನುತ್ತಾರೆ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಅಂದರೆ 1, 6, 11, ಮೂರೇ. ಮೂರು ಬಾವಿಗೆ 23 ಮನೆಯ ಕೊಡಪಾನ. ಮೈಕ್ರೋವೇವ್ ಒಲೆಯೂ ಹೆಚ್ಚುಕಡಿಮೆ ಇದೇ ಅಲೆಯಲ್ಲಿ ಕೆಲಸ ಮಾಡುತ್ತದೆ. ನಾನು ಅನ್ನ ಬಿಸಿ ಮಾಡಿದರೆ ಯಜಮಾನರ ಮೀಟಿಂಗ್ ನಿಲ್ಲುತ್ತದೆ. ಕೆಲವು ಸಲ ಬೇಕಂತಲೇ ಮಾಡುತ್ತೇನೆ.

ಅಜ್ಜನವರೇ, ಅಡುಗೆಮನೆಗೆ ಒಂದು ರಿಪೀಟರ್, ಅಂದರೆ ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಡಬ್ಬಿ, ತಂದು ಹಾಕಿ, ಸರಿಹೋಗುತ್ತದೆ. ಮತ್ತೆ ವೈಫೈ ಅಂದರೆ ವೈರ್‌ಲೆಸ್ ಫಿಡೆಲಿಟಿ, ಅದನ್ನು ಯಾರೂ ಹೇಳಲಿಲ್ಲ.

ಫೈಬರ್‌ಕೆಲಸದವ

ಮೇಡಂ, ಎರಡಕ್ಕೂ ಒಪ್ಪಲಾರೆ. ವೈಫೈ ಯಾವುದರ ಗಿಡ್ಡ ರೂಪವೂ ಅಲ್ಲ. 1999ರಲ್ಲಿ ಹೆಸರಿಡುವ ಒಂದು ಕಂಪನಿಗೆ ದುಡ್ಡು ಕೊಟ್ಟು ಮಾಡಿಸಿದ ಹೆಸರು ಅದು. ಹಾಡು ಕೇಳುವ ಸೆಟ್ಟಿಗೆ ಹೈಫೈ ಅನ್ನುತ್ತಾರಲ್ಲ, ಅದಕ್ಕೆ ಪ್ರಾಸ ಕೂಡಲಿ ಅಂತ ಇಟ್ಟದ್ದು. ಫಿಡೆಲಿಟಿ ಆಮೇಲೆ ಅಂಟಿಕೊಂಡಿತು. ತಾಂತ್ರಿಕ ಹೆಸರು 802.11. ಅದನ್ನು ಯಾರು ಬಾಯಲ್ಲಿ ಹೇಳುತ್ತಾರೆ?

ರಿಪೀಟರನ್ನು ಅಡುಗೆಮನೆಯಲ್ಲಿ ಹಾಕಿದರೆ ಅದಕ್ಕೇ ಸಿಗ್ನಲ್ ಸಿಗದು, ಅದು ಮುಂದೆ ಕೊಡುವುದೇನು? ಹಾಕುವುದಾದರೆ ನಡುವೆ, ಸಿಗ್ನಲ್ ಇನ್ನೂ ಚೆನ್ನಾಗಿರುವ ಕಡೆ. ಅಲ್ಲೂ ಒಂದು ತೊಡಕು. ಕಡಿಮೆ ಬೆಲೆಯದ್ದು ಒಂದೇ ರೇಡಿಯೋದಲ್ಲಿ ಕೇಳಬೇಕು, ಅದರಲ್ಲೇ ಮತ್ತೆ ಹೇಳಬೇಕು. ಸ್ಪೀಡು ಸುಮಾರು ಅರ್ಧ ಹೋಗುತ್ತದೆ. ನನ್ನ ಕೇಳಿದರೆ ಜಗಲಿಯ ಡಬ್ಬಿಯಿಂದ ಅಟ್ಟದ ಮೇಲೆ ಒಂದು ಲ್ಯಾನ್ ಕೇಬಲ್ ಎಳೆಸಿ. 100 ಮೀಟರ್ ತನಕ ಚಿಂತೆಯಿಲ್ಲ. ಆ ತುದಿಗೆ ಇನ್ನೊಂದು ರೂಟರನ್ನು ಆಕ್ಸೆಸ್ ಪಾಯಿಂಟ್ ಮಾಡಿ, ಅಂದರೆ ತಂತಿಯಲ್ಲಿ ಬಂದದ್ದನ್ನು ಅಲ್ಲಿ ವೈಫೈ ಮಾಡಿ ಹರಡುವ ಹಾಗೆ, ಕೂರಿಸಿ. ಗಾಳಿಯಲ್ಲಿ ದಾಟದ್ದನ್ನು ತಂತಿಯಲ್ಲಿ ದಾಟಿಸುವುದು.

ಮೂರನೇಮಹಡಿ

ಹತ್ತು ವರ್ಷದಿಂದ ಎಲ್ಲರಿಗೂ ಫಿಡೆಲಿಟಿ ಅಂತ ಹೇಳಿಕೊಂಡು ಬಂದಿದ್ದೆ. ಇರಲಿ ಬಿಡಿ.

ತೋಟದಮನೆ

ತಮ್ಮಾ, ನಿನಗೆ ಪುಣ್ಯ ಬರಲಿ. ಗುಡ್ಡ ಇಳಿದು ಬಂದು ನೋಡಿದೆ. ಎಲ್‌ಒಎಸ್ ಕೆಂಪಾಗಿ ಮಿಣುಕುತ್ತಿತ್ತು. ವೈರು ಹಿಡಿದುಕೊಂಡೇ ಹೋದೆ. ನಿನ್ನೆ ಮಧ್ಯಾಹ್ನ ನನ್ನಾಕೆ ಜಗಲಿಯಲ್ಲಿ ಹಪ್ಪಳ ಒಣಗಿಸಲು ಜಾಗ ಮಾಡಿದ್ದಳು. ಜೋತಾಡುತ್ತಿದ್ದ ವೈರನ್ನು ಚಂದ ಕಾಣಲಿ ಅಂತ ಕೊಡೆ ನೇತುಹಾಕುವ ಮೊಳೆಗೆ ಬಿಗಿಯಾಗಿ ನಾಲ್ಕು ಸುತ್ತು ಸುತ್ತಿದ್ದಾಳೆ. ಹಗ್ಗ ಸುತ್ತುವ ಹಾಗೆ! ಮೆಲ್ಲಗೆ ಬಿಡಿಸಿ ತಟ್ಟೆಯಷ್ಟು ದೊಡ್ಡ ಸುತ್ತು ಮಾಡಿ ಇಟ್ಟೆ. ಒಂದು ನಿಮಿಷದಲ್ಲಿ ಕೆಂಪು ಆರಿತು, ಪಿಒಎನ್ ಹಸಿರು ನಿಂತಿತು. ಇದನ್ನು ಜಗಲಿಯಿಂದಲೇ ಬರೆಯುತ್ತಿದ್ದೇನೆ, ಬಾಲದ 5ಜಿಯಲ್ಲಿ. ಅವಳಿಗೆ ಸೋರುವ ಬೆಳಕಿನ ಕಥೆ ಹೇಳಿದರೆ "ಹಾಗಾದರೆ ಕೊಡೆ ಎಲ್ಲಿ ಹಾಕೂದು?" ಅಂತ ಕೇಳುತ್ತಾಳೆ.

ಒಂದು ಉಳಿಯಿತು. ಪಿಂಗ್.

ಫೈಬರ್‌ಕೆಲಸದವ

ತೋಟದ ಈಚೆಯಿಂದ ನೀವು ಕೂ ಹಾಕುತ್ತೀರಿ. ಆಚೆಯಿಂದ ಆಳು ಕೂ ಅನ್ನುತ್ತಾನೆ. ನಿಮ್ಮ ಕೂ ಹೋಗಿ ಅವನ ಕೂ ಬರುವವರೆಗಿನ ಹೊತ್ತೇ ಪಿಂಗ್. ಲೆಕ್ಕ ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಸಾವಿರ ಪಾಲಿನಲ್ಲಿ ಒಂದು ಪಾಲು. ಸ್ಪೀಡು ಎಷ್ಟೇ ಇದ್ದರೂ ಪಿಂಗ್ ಜಾಸ್ತಿಯಾದರೆ ವಿಡಿಯೋ ಕಾಲಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತೀರಿ.

ತೋಟದಮನೆ

ಹೌದು ಮಾರಾಯ, ಅಡುಗೆಮನೆಯಿಂದ ಮಾತಾಡಿದರೆ ಮೊಮ್ಮಗಳ ಜೊತೆ ಹಾಗೇ ಆಗುತ್ತದೆ. ನಾಳೆ ಶಿರಸಿಗೆ ಹೋಗುವುದಿದೆ. ಲ್ಯಾನ್ ಕೇಬಲ್ 20 ಮೀಟರ್, ಕೊಡೆಗೆ ಒಂದು ಬೇರೆ ಮೊಳೆ.