ಗಳಗನಾಥರ ಕಾದಂಬರಿ ಮತ್ತೆ ಅಚ್ಚು ಹಾಕಿಸಬೇಕು, ನಡುವಿನ 16 ಪುಟ ಇಲ್ಲ

ವರದಾ ದಂಡೆ (ಹಾವೇರಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಅಚ್ಚಿನ ಕೆಲಸ ಗೊತ್ತಿರುವವರು, ಹಳೆಯ ಪುಸ್ತಕ ಜೋಪಾನ ಮಾಡಿದವರು ಇಲ್ಲಿದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಮ್ಮ ಮನೆಯ ಟ್ರಂಕಿನಲ್ಲಿ ಗಳಗನಾಥರ ‘ಕನ್ನಡಿಗರ ಕರ್ಮಕಥೆ’ಯ ಹಳೆಯ ಪ್ರತಿ ಇದೆ. 1565ರ ಯುದ್ಧದಲ್ಲಿ ವಿಜಯನಗರ ಬಿದ್ದ ಕಥೆ. ರಟ್ಟೂ ಇಲ್ಲ, ಹೆಸರಿನ ಹಾಳೆಯೂ ಇಲ್ಲ, ಹಾಗಾಗಿ ಯಾವ ವರ್ಷದ ಅಚ್ಚು ಅಂತ ತಿಳಿಯುವುದಿಲ್ಲ. ಕಾಗದ ಹಪ್ಪಳದ ಹಾಗೆ ಮುರಿಯುತ್ತದೆ. ಮುತ್ತಜ್ಜ ಇದನ್ನು ಗಳಗನಾಥರ ಕೈಯಿಂದಲೇ ಕೊಂಡಿದ್ದ ಅಂತ ಮನೆಯಲ್ಲಿ ಹೇಳುತ್ತಾರೆ. ಪುರಾವೆ ಏನೂ ಇಲ್ಲ. ಆದರೂ ನಾನು ನಂಬುತ್ತೇನೆ. ಅವರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು ಅಲ್ವಾ? ವರದಾ ನದಿ ತುಂಗಭದ್ರೆಗೆ ಸೇರುವ ಗಳಗನಾಥ ಅನ್ನುವ ಊರು ನಮ್ಮಿಂದ ದೂರವೇನಲ್ಲ. 1907ರಲ್ಲಿ ಅವರು ಸಂಪಾದಿಸಿದ ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ಶುರುವಾದ ಅಗಡಿಯೂ ಇಲ್ಲೇ ಇದೆ. ಮುತ್ತಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ. ಮಗ ಓದಲಿ ಅಂತ ಕೊಂಡನಂತೆ.

ಆ ಮಗ, ಅಂದರೆ ನನ್ನ ಅಜ್ಜ, ಅದನ್ನು ಊರಿಗೇ ಓದಿ ಹೇಳಿದ. ಪ್ರತಿ ಶ್ರಾವಣದಲ್ಲಿ ಊಟ ಮುಗಿದ ಮೇಲೆ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಕಂದೀಲು ಇಟ್ಟುಕೊಂಡು ಕೂಡುತ್ತಿದ್ದನಂತೆ. ಅಪ್ಪ ಹುಟ್ಟುವ ಮೊದಲೇ ಪುಸ್ತಕದಿಂದ 97ರಿಂದ 112ರವರೆಗಿನ ಪುಟಗಳು ಕಳಚಿ ಹೋಗಿದ್ದವು. 96ನೇ ಪುಟ ಮುಗಿದ ಕೂಡಲೇ ಅಜ್ಜ ಬೆರಳನ್ನು ನಡುವೆ ಇಟ್ಟು ಪುಸ್ತಕ ಮುಚ್ಚುತ್ತಿದ್ದ. ಮುಂದಿನದನ್ನು ಬಾಯಿಂದಲೇ ಹೇಳುತ್ತಿದ್ದ. ನಮ್ಮ ಹೊಳೆ ದಂಡೆಯ ಅಂಬಿಗರ ಹುಡುಗನೊಬ್ಬ ರಾತ್ರಿ ಹೊತ್ತು, ಹೊಳೆ ತುಂಬಿ ಹರಿಯುವಾಗ, ಹರಿಗೋಲಿನಲ್ಲಿ ಒಂದು ಪತ್ರ ದಾಟಿಸುವ ಕಥೆ. ಅದು ಮುಗಿದ ಮೇಲೆ 113ನೇ ಪುಟ ತೆಗೆಯುತ್ತಿದ್ದ. ಅಪ್ಪನಿಗೆ ಈಗ 71 ವರ್ಷ. ಆ ಹುಡುಗನ ಕಥೆಯನ್ನು ಒಂದು ಮಾತೂ ತಪ್ಪದೆ ಹೇಳುತ್ತಾರೆ. ಅದು ಗಳಗನಾಥರೇ ಬರೆದದ್ದು ಅಂತಲೇ ತಿಳಿದಿದ್ದರು. ಪುಟದ ನಂಬರು ತೋರಿಸಿ ನಾನೇ ಹೇಳಬೇಕಾಯಿತು.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು 42 ಜನ ತಲಾ ಸಾವಿರ ರೂಪಾಯಿ ಹಾಕಿದ್ದಾರೆ. ಈ ಕಾದಂಬರಿಯನ್ನು ಮತ್ತೆ ಅಚ್ಚು ಹಾಕಿಸಿ ಸುತ್ತಲಿನ ಶಾಲೆಗಳಿಗೆ ಕೊಡಬೇಕು ಅಂತ ಆಸೆ. ಹಾಗೆ ಮಾಡಲು ಯಾರದಾದರೂ ಅನುಮತಿ ಬೇಕಾ? ಹಳೆಯ ಕನ್ನಡ ಮಕ್ಕಳಿಗೆ ಕಷ್ಟ, ಸ್ವಲ್ಪ ಸರಳ ಮಾಡಬಹುದಾ? ಎಲ್ಲಕ್ಕಿಂತ ದೊಡ್ಡದು ಆ 16 ಪುಟ. ಸಿಗದೇ ಹೋದರೆ ಅಲ್ಲಿ ಅಜ್ಜನ ಕಥೆ ಹಾಕಬಹುದಾ? ನಮ್ಮ ಗುಂಪಿನಲ್ಲಿ ಅರ್ಧ ಜನ ಹಾಕೋಣ ಅನ್ನುತ್ತಾರೆ.

ಇನ್ನೊಂದು ಮಾತು. ಹಿಂದೆ ನಮ್ಮ ಶಾಲೆಯ ಸ್ಮರಣ ಸಂಚಿಕೆಯನ್ನು ಒಂದು ಪ್ರೆಸ್ಸಿಗೆ ಕೊಟ್ಟಿದ್ದೆವು. ಒತ್ತಕ್ಷರ ಎಲ್ಲಾ ಒಡೆದು ಬಂದವು. ತೀರಿಹೋದ ಮುಖ್ಯೋಪಾಧ್ಯಾಯರ ಹೆಸರೇ ತಪ್ಪಾಗಿತ್ತು. ಅವರ ಮನೆಯವರ ಕೈಗೆ ಆ ಪುಸ್ತಕ ಕೊಡುವಾಗ ನನಗೆ ತಲೆ ಎತ್ತಲು ಆಗಲಿಲ್ಲ. ಗಳಗನಾಥರಿಗೆ ಹಾಗೆ ಆಗಬಾರದು.

ಅಚ್ಚುಮೊಳೆ (ಹುಬ್ಬಳ್ಳಿ)

ಅಕ್ಕೋರೇ, ಮೊದಲು ಆ 16 ಪುಟದ ಮಾತು. ಅದು ಸುಮ್ನೆ 16 ಅಲ್ಲ. ಪುಸ್ತಕವನ್ನು ಒಂದೊಂದು ಪುಟ ಅಚ್ಚು ಹಾಕುವುದಿಲ್ಲ. ದೊಡ್ಡ ಹಾಳೆಯ ಒಂದು ಮಗ್ಗುಲಿಗೆ 8, ಇನ್ನೊಂದಕ್ಕೆ 8 ಪುಟ ಅಚ್ಚಾಗುತ್ತವೆ. ಮಡಚಿದರೆ 16 ಪುಟದ ಒಂದು ಫಾರಂ. 16ರ ಲೆಕ್ಕದಲ್ಲಿ ಎಣಿಸಿ ನೋಡಿ, 97ರಿಂದ 112 ಸರಿಯಾಗಿ ಏಳನೇ ಫಾರಂ. ಯಾರೂ ಹರಿದಿಲ್ಲ. ಹೊಲಿಗೆಯ ದಾರ ಜೀರ್ಣವಾಗಿ ಇಡೀ ಫಾರಂ ಜಾರಿ ಬಿದ್ದಿದೆ. ಅದು ಬಿದ್ದದ್ದು ಒಟ್ಟಾಗಿಯೇ, ಹಾಗಾಗಿ ಮನೆಯಲ್ಲಿ ಒಂದೇ ಕಡೆ ಇರಬಹುದು. ಟ್ರಂಕಿನ ತಳದ ಕಾಗದ, ಲೆಕ್ಕದ ಪುಸ್ತಕ, ಪಂಚಾಂಗ, ಎಲ್ಲದರ ನಡುವೆ ಹುಡುಕಿ.

ಒತ್ತಕ್ಷರ ಒಡೆದದ್ದು ಯಾಕೆ ಅಂತ ನನಗೆ ಗೊತ್ತು. ನೀವು ಯೂನಿಕೋಡ್‌ನಲ್ಲಿ (ಈಗ ಮೊಬೈಲಿನಲ್ಲೆಲ್ಲ ಬಳಸುವ ಅಕ್ಷರ) ಟೈಪ್ ಮಾಡಿ ಕೊಟ್ಟಿರುತ್ತೀರಿ, ಅವರು ಪೇಜ್‌ಮೇಕರ್ ಅನ್ನುವ ಪುಟ ಕಟ್ಟುವ ಹಳೆಯ ತಂತ್ರಾಂಶಕ್ಕೆ ಹಾಕಲು ಹಳೆಯ ನುಡಿ ಫಾಂಟ್‌ಗೆ ಬದಲಿಸಿರುತ್ತಾರೆ. ಬದಲಾಗುವಾಗ ಅರ್ಕಾವೊತ್ತು, ಎರಡೆರಡು ಒತ್ತು ಇರುವ ಅಕ್ಷರ ಕೆಡುತ್ತವೆ. ಬದಲಿಸಿದ ಮೇಲೆ ಇನ್ನೊಮ್ಮೆ ಕರಡು ನೋಡಲೇಬೇಕು. ಅದನ್ನು ಬಿಟ್ಟಿದ್ದಾರೆ. ಈ ಸಲ ಯೂನಿಕೋಡ್‌ನಲ್ಲೇ ಪುಟ ಕಟ್ಟುವವರನ್ನು ಹುಡುಕಿ. ಸಿಗುತ್ತಾರೆ.

ಫೋಟೋ ತೆಗೆದು ಕಂಪ್ಯೂಟರಿನಿಂದಲೇ ಅಕ್ಷರ ಎತ್ತಿಸೋಣ ಅಂತ ಯಾರಾದರೂ ಹೇಳಿದರೆ, ಈ ಪುಸ್ತಕಕ್ಕೆ ಬೇಡ. ಮಸಿ ಹರಡಿದ ಮೊಳೆಯಚ್ಚಿನಲ್ಲಿ ಪ ಮತ್ತು ಷ, ವ ಮತ್ತು ಮ ಒಂದೇ ಆಗಿ ಕಾಣುತ್ತವೆ. ಟೈಪ್ ಮಾಡಿಸಿ. ಕರಡು ತಿದ್ದುವಾಗ ಇಬ್ಬರು ಕೂಡಬೇಕು. ಒಬ್ಬರು ಮೂಲವನ್ನು ಜೋರಾಗಿ ಓದಬೇಕು, ಇನ್ನೊಬ್ಬರು ಕರಡಿನ ಮೇಲೆ ಬೆರಳು ಇಟ್ಟು ನೋಡಬೇಕು. ನಾನು ಈ ಕೆಲಸಕ್ಕೆ ಸೇರಿದಾಗ ನಮ್ಮ ಯಜಮಾನರು ಕಲಿಸಿದ್ದು ಇದನ್ನೇ. ನಿಮ್ಮ ಶಾಲೆಯ ಮಕ್ಕಳಿಂದ ಓದಿಸಿ. ಅಜ್ಜ ಓದಿದ ಪುಸ್ತಕ, ಮಕ್ಕಳು ಓದಲಿ.

ಅಳತೆಗೆ 1/8 ಡೆಮಿ (ಸಾಮಾನ್ಯ ಕಾದಂಬರಿಯ ಅಳತೆ), ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೋ (ಪುಸ್ತಕಕ್ಕೆ ಬಳಸುವ ಬಿಳಿ ಕಾಗದ) ಸಾಕು. ಬರೀ ಅಂಟು ಹಾಕಿ ಬೈಂಡ್ ಮಾಡಿಸಬೇಡಿ, ಶಾಲೆಯಲ್ಲಿ ಒಂದು ವರ್ಷಕ್ಕೆ ಬೆನ್ನು ಬಿಡುತ್ತದೆ. ಹೊಲಿಗೆ ಹಾಕಿಸಿ.

ಬೆಟಗೇರಿ ವಕೀಲ (ಗದಗ)

ಅನುಮತಿ ಬೇಕಾಗಿಲ್ಲ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಕೃತಿಯ ಹಕ್ಕು (ಕಾಪಿರೈಟ್) ಇರುತ್ತದೆ. ಗಳಗನಾಥರು ತೀರಿಕೊಂಡದ್ದು 1942ರಲ್ಲಿ. 2002ರ ಕೊನೆಗೆ ಅವಧಿ ಮುಗಿಯಿತು. ಮೊದಲು ಈ ಅವಧಿ 50 ವರ್ಷ ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ಕ್ಕೆ ಮುಗಿಯುವುದಿತ್ತು. ಅದು ಅವರೇ ಕಟ್ಟಿದ ವಿದ್ಯಾಸಂಸ್ಥೆ ವಿಶ್ವಭಾರತಿಯ ಕೈ ತಪ್ಪಬಾರದು ಅಂತ ಆಗ ಕಾನೂನು ತಿದ್ದಿ 10 ವರ್ಷ ಸೇರಿಸಿದರು. ಒಬ್ಬ ಕವಿಗಾಗಿ ಬದಲಾದ ಕಾನೂನು ಗಳಗನಾಥರಿಗೂ ಹತ್ತು ವರ್ಷ ಕೊಟ್ಟಿತು.

ಈ ಕಾದಂಬರಿ ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕೃತಿಯನ್ನು ಆಧರಿಸಿದ್ದು. ಅಂಥ ಪುಸ್ತಕಕ್ಕೆ ಮೂಲ ಲೇಖಕರ ಹಕ್ಕನ್ನೂ ನೋಡಬೇಕು. ಆಪ್ಟೆ 1919ರಲ್ಲೇ ತೀರಿಕೊಂಡಿದ್ದಾರೆ, ಅಲ್ಲೂ ತೊಂದರೆ ಇಲ್ಲ. ಆದರೆ ಇತ್ತೀಚಿನ ಯಾವುದಾದರೂ ಮುದ್ರಣ ಸಿಕ್ಕರೆ ಅದರ ಮುನ್ನುಡಿ, ಟಿಪ್ಪಣಿ, ಮುಖಪುಟದ ಚಿತ್ರ ತೆಗೆದುಕೊಳ್ಳಬೇಡಿ. ಅವು ಬೇರೆಯವರ ಹಕ್ಕು. ಇದೇ ಧೈರ್ಯದಲ್ಲಿ ಮುಂದೆ ಬೇಂದ್ರೆಯವರ ಕವಿತೆಗೂ ಕೈ ಹಾಕಬೇಡಿ. ಅವರು ಹೋದದ್ದು 1981ರಲ್ಲಿ, ಅಂದರೆ 2041ರವರೆಗೆ ಹಕ್ಕು ಇದೆ.

ಅಟ್ಟದ ಚಂದಾದಾರ (ಧಾರವಾಡ)

ತಂಗೀ, ನಿನ್ನ ಪತ್ರ ಎರಡು ಸಲ ಓದಿದೆ. ಗಂಟು ಹೊತ್ತು ತಿರುಗಿದವರ ಮಾತು ಓದಿ ನನಗೆ ನಮ್ಮ ಸುಭಾಸ ರಸ್ತೆಯ ಅಟ್ಟ, ಅಂದರೆ ಮನೋಹರ ಗ್ರಂಥಮಾಲೆ ಅನ್ನುವ ಪ್ರಕಾಶನದ ಜಾಗ, ನೆನಪಾಯಿತು. 1933ರಲ್ಲಿ ಜಿ.ಬಿ. ಜೋಶಿಯವರು ಆ ಗ್ರಂಥಮಾಲೆ ಶುರು ಮಾಡಿದಾಗ ನೆಚ್ಚಿಕೊಂಡದ್ದು ಚಂದಾದಾರರನ್ನು. ಓದುವವರು ಮೊದಲೇ ಹಣ ಕೊಟ್ಟು ವರ್ಷದ ಪುಸ್ತಕ ಕಾಯುತ್ತಿದ್ದರು. ಯಾವ ಪುಸ್ತಕ ಬರುತ್ತದೆ ಅಂತ ನಮಗೆ ಗೊತ್ತಿರುತ್ತಿರಲಿಲ್ಲ. ಬಂದದ್ದನ್ನು ಓದುತ್ತಿದ್ದೆವು. 1961ರಲ್ಲಿ 23 ವರ್ಷದ ಹುಡುಗನೊಬ್ಬನ ಮೊದಲ ನಾಟಕ ಬಂತು. ಹೆಸರು ‘ಯಯಾತಿ’. ಗಿರೀಶ ಕಾರ್ನಾಡ ಅಂದರೆ ಯಾರು ಅಂತ ಆಗ ಊರಿಗೆಲ್ಲ ಗೊತ್ತಿತ್ತಾ? ಆ ಅಟ್ಟದ ಮೇಲೆ ಹಸ್ತಪ್ರತಿ ಓದಿ ತೂಗಿ ನೋಡಲು ನಿಮ್ಮ ಪಕ್ಕದ ಗದಗಿನ ಕೀರ್ತಿನಾಥ ಕುರ್ತಕೋಟಿ ಇದ್ದರು, ಕೆಳಗೆ ಊರೂರಲ್ಲಿ ನಮ್ಮಂಥ ಚಂದಾದಾರರು ಇದ್ದರು. ದೊಡ್ಡ ಲೇಖಕರು ಉಳಿದರು ಅನ್ನುತ್ತೇವೆ. ಅವರ ಪುಸ್ತಕ ಯಾರ ಕೈಯಿಂದ ಯಾರ ಕೈಗೆ ದಾಟಿತು ಅನ್ನುವುದನ್ನು ಮಾತ್ರ ಕೇಳುವುದಿಲ್ಲ. ನಿನ್ನ ಮುತ್ತಜ್ಜನ ಹೆಸರು ಯಾವ ಸಾಹಿತ್ಯ ಚರಿತ್ರೆಯಲ್ಲೂ ಇಲ್ಲ, ಆದರೆ ಅವನು ಕೊಟ್ಟ ದುಡ್ಡಿನಿಂದಲೇ ಮುಂದಿನ ಪುಸ್ತಕಕ್ಕೆ ಕಾಗದ ಬಂದಿರಬೇಕು.

ಹಾಗಾಗಿ ನನ್ನ ಸಲಹೆ: ಪುಕ್ಕಟೆ ಹಂಚಬೇಡ. ಕಡಿಮೆ ಬೆಲೆ ಇಡು, ಆದರೆ ಬೆಲೆ ಇಡು. ಅಚ್ಚಿಗೆ ಹೋಗುವ ಮೊದಲೇ ಹೆಸರು ಬರೆಸಿಕೋ. ಪುಕ್ಕಟೆ ಬಂದದ್ದು ಬೀರುವಿನಲ್ಲಿ ಕೂಡುತ್ತದೆ. ಗ್ರಂಥಾಲಯದ ಸಗಟು ಖರೀದಿ ನಂಬಿಕೊಂಡೂ ಕೂಡಬೇಡ.

ಭಾಷೆ ಸರಳ ಮಾಡುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ನಿನ್ನ ಅಜ್ಜನ ಕಟ್ಟೆಯ ಮೇಲೆ ಕೂತವರಲ್ಲಿ ಶಾಲೆಗೆ ಹೋದವರು ಎಷ್ಟು ಜನ ಇದ್ದರು? ಅವರಿಗೆ ತಿಳಿಯಿತು. ಜೋರಾಗಿ ಓದಿದರೆ ತಿಳಿಯುತ್ತದೆ. ಕಷ್ಟದ ಶಬ್ದಕ್ಕೆ ಪುಟದ ಕೆಳಗೆ ಅರ್ಥ ಕೊಡು. ಮೂಲ ಮುಟ್ಟಬೇಡ. ಅಜ್ಜನ ಕಥೆಯನ್ನೂ ಒಳಗೆ ಸೇರಿಸಬೇಡ, ನಿನಗೆ ಬೇಸರ ಆಗಬಹುದು, ಆದರೂ ಹೇಳುತ್ತೇನೆ. ಗಳಗನಾಥರ ಮಾತಿನ ನಡುವೆ ಇನ್ನೊಬ್ಬರ ಮಾತು ಬಂದರೆ 50 ವರ್ಷದ ಮೇಲೆ ಯಾರಿಗೂ ಬೇರ್ಪಡಿಸಲು ಬರುವುದಿಲ್ಲ. ನಿಮ್ಮ ಅಪ್ಪನಿಗೇ ಹಾಗೆ ಆಯಿತಲ್ಲ. ಅಜ್ಜನ ಹೆಸರು ಹಾಕಿ ಕೊನೆಯಲ್ಲಿ ಬೇರೆಯಾಗಿ ಅಚ್ಚು ಮಾಡಿಸು. ಅದು ಅವರಿಗೂ ಮರ್ಯಾದೆ.

ನನ್ನ ಹತ್ತಿರ ಒಂದು ಪ್ರತಿ ಇದೆ. ನಿನ್ನದೇ ಅಚ್ಚಾ ಅಂತ ಗೊತ್ತಿಲ್ಲ. 96ನೇ ಪುಟದ ಕೊನೆಯ ಸಾಲು, 113ರ ಮೊದಲ ಸಾಲು ಕಳಿಸು, ನೋಡುತ್ತೇನೆ.

ಅಚ್ಚುಮೊಳೆ (ಹುಬ್ಬಳ್ಳಿ)

ಅಜ್ಜಾರು ಹೇಳಿದ್ದು ಬಹಳ ಮುಖ್ಯ. ಬೇರೆ ಅಚ್ಚು ಆದರೆ ಪುಟದ ನಂಬರು ಹೊಂದುವುದಿಲ್ಲ, ಸಾಲು ನೋಡಿಯೇ ಹುಡುಕಬೇಕು. ಭಾಷೆ ವಿಷಯದಲ್ಲಿ ಮಾತ್ರ ನನ್ನದು ಸ್ವಲ್ಪ ಬೇರೆ ಮಾತು. ಪದ ಮುಟ್ಟಬಾರದು, ಸರಿ. ಆದರೆ ಉದ್ದುದ್ದ ಪ್ಯಾರಾ ಒಡೆದು, ಮಾತುಕತೆಯನ್ನು ಬೇರೆ ಸಾಲಿಗೆ ತಂದರೆ ಮಕ್ಕಳ ಕಣ್ಣಿಗೆ ಎಷ್ಟೋ ಹಗುರ. ಹಾಗೆ ಮಾಡಿದ್ದೇವೆ ಅಂತ ಮುನ್ನುಡಿಯಲ್ಲಿ ಹೇಳಿಬಿಡಿ.

ವರದಾ ದಂಡೆ (ಹಾವೇರಿ ತಾಲ್ಲೂಕು)

ಎಲ್ಲರಿಗೂ ಕೈ ಮುಗಿಯುತ್ತೇನೆ. ಟ್ರಂಕು ಪೂರ್ತಿ ಖಾಲಿ ಮಾಡಿದೆ. ಫಾರಂ ಸಿಗಲಿಲ್ಲ. ಬೆಲೆ ಇಡುವ ಮಾತಿಗೆ ಗುಂಪಿನವರು ಮೊದಲು ಒಪ್ಪಲಿಲ್ಲ, ಈಗ ಒಪ್ಪಿದ್ದಾರೆ. ಹೆಸರು ಬರೆಸಿಕೊಳ್ಳುವ ವಹಿಯನ್ನು ಹನುಮಪ್ಪನ ಗುಡಿಯಲ್ಲೇ ಇಟ್ಟಿದ್ದೇವೆ. ಅಜ್ಜನ ಕಥೆ ಕೊನೆಯಲ್ಲಿ, ಅವನ ಹೆಸರಿನಲ್ಲಿ ಬರುತ್ತದೆ. ಅಪ್ಪ ಹೇಳಿದರು, ನಾನು ಬರೆದುಕೊಂಡೆ. ಎರಡು ಸಂಜೆ ಹಿಡಿಯಿತು.

ಧಾರವಾಡದ ಅಜ್ಜಾರ ಪ್ರತಿ ಬೇರೆ ಅಚ್ಚು, ಆದರೆ ಎರಡೂ ಸಾಲು ಸಿಕ್ಕವು. ನಡುವಿನದನ್ನೆಲ್ಲ ಫೋಟೋ ತೆಗೆದು ಈಗಷ್ಟೇ ಕಳಿಸಿದ್ದಾರೆ. ನಾನು ಇನ್ನೂ ತೆರೆದಿಲ್ಲ. ಅಪ್ಪ ಕನ್ನಡಕ ಒರೆಸಿಕೊಂಡು ಪಡಸಾಲೆಯಲ್ಲಿ ಕೂತಿದ್ದಾರೆ. ‘ಅದರಾಗ ಹರಿಗೋಲಿನ ಹುಡುಗ ಇಲ್ಲಂದ್ರ ಅವ್ವಾ, ನನಗ ಮೊದಲ ಹೇಳಿಬಿಡು’ ಅಂದರು. ಇಲ್ಲ ಅಪ್ಪಾ, ಇಬ್ಬರೂ ಕೂಡಿಯೇ ಕೇಳೋಣ ಅಂದೆ. 96ನೇ ಪುಟದ ಕೊನೆಯ ಸಾಲಿನಿಂದ ಓದುತ್ತೇನೆ.