ಬ್ರಹ್ಮಗಿರಿ ಶಾಸನದ 'ಮಿಸಾ': ಬೆರೆತರೇ, ಕೂಡಿದರೇ?

ಗೆಳೆಯರೇ, ನಮಸ್ಕಾರ.

ನಮ್ಮ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವನ್ನು ತಿಳಿಗನ್ನಡಕ್ಕೆ ತರುತ್ತಿದ್ದೇನೆ. ಬಂಡೆ ನೋಡಲು ಬರುವ ಶಾಲೆ ಮಕ್ಕಳ ಕೈಗೆ ಕೊಡುವುದಕ್ಕೆ. 'ಮಿಸಾ' ಎಂಬ ಪದದ ಹತ್ತಿರ ಕೆಲಸ ನಿಂತಿದೆ.

ಪ್ರಾಕೃತದ ಸಾಲು ಇದು: 'ಅಮಿಸಾ ಸಮಾನಾ ಮುನಿಸಾ ಜಂಬುದೀಪಸಿ ಮಿಸಾ ದೇವೇಹಿ'. ಬಿ.ಎಲ್. ರೈಸ್ ಈ ಶಾಸನವನ್ನು ಬೆಳಕಿಗೆ ತಂದ ಕಾಲದಲ್ಲಿ ಬ್ಯೂಲರ್ ಅವರಂಥ ದೊಡ್ಡ ವಿದ್ವಾಂಸರು 'ಮಿಸಾ' ಅಂದರೆ ಸಂಸ್ಕೃತದ 'ಮೃಷಾ', ಸುಳ್ಳು, ಎಂದು ತಿಳಿದರು. ಆಮೇಲಿನವರು ಅಲ್ಲ, ಇದು 'ಮಿಶ್ರ' ಅಂದರು. ಮೊದಲ ಓದಿನಲ್ಲಿ ಜನರೂ ದೇವರುಗಳೂ ಸುಳ್ಳಾಗುತ್ತಾರೆ. ಎರಡನೆಯದರಲ್ಲಿ ದೇವರಿಂದ ದೂರವಿದ್ದ ಜನ ದೇವರೊಡನೆ ಬೆರೆಯುತ್ತಾರೆ. ಎಷ್ಟು ವ್ಯತ್ಯಾಸ ಅಲ್ವಾ!

ಇದಕ್ಕೆ ಲಿಪಿಯೂ ಒಂದು ಕಾರಣ. ಅಶೋಕನ ಬ್ರಾಹ್ಮಿಯಲ್ಲಿ ಸಕಾರಕ್ಕೆ ಸಕಾರದ ಒತ್ತು ಬರೆಯುವುದಿಲ್ಲ. 'ಮಿಶ್ರ' ಪ್ರಾಕೃತದಲ್ಲಿ 'ಮಿಸ್ಸ' ಆಗುತ್ತದೆ; 'ಮಿಸಾ' ಅಂದರೂ 'ಮಿಸ್ಸಾ' ಅಂದರೂ ಕಲ್ಲಿನ ಮೇಲೆ ಒಂದೇ. 1915ರಲ್ಲಿ ಮಸ್ಕಿ ಶಾಸನ ಸಿಕ್ಕಿತು. ಅಲ್ಲಿ 'ಮಿಸಿಭೂತಾ' ಎಂದಿತ್ತು, ಅಂದರೆ ಸಂಸ್ಕೃತದ 'ಮಿಶ್ರೀಭೂತಾಃ', ಬೆರೆತವರು. 'ಸುಳ್ಳು' ಬಿದ್ದುಹೋಯಿತು, 'ಬೆರೆತ' ಉಳಿಯಿತು.

ಅಷ್ಟಕ್ಕೇ ಅರ್ಥ ಮುಗಿಯಲಿಲ್ಲ. ದೇವರೊಡನೆ ಬೆರೆಯುವುದು ಅಂದರೆ ಏನು? ಪ್ರಯತ್ನಪಟ್ಟರೆ ಸಣ್ಣವರಿಗೂ ಸ್ವರ್ಗ ಸಿಗುತ್ತದೆ ಎಂದು ಶಾಸನ ಮುಂದೆ ಹೇಳುತ್ತದೆ. ಅದನ್ನು ಹಿಡಿದರೆ ಒಂದು ಅರ್ಥ: ಸ್ವರ್ಗದಲ್ಲಿ ದೇವರ ಜೊತೆ ಸೇರುವುದು. ಜನರಿಗೆ ದಿವ್ಯರೂಪಗಳನ್ನು ತೋರಿಸಿದೆ ಎಂದು ಅಶೋಕ ಬೇರೊಂದು ಶಾಸನದಲ್ಲಿ ಹೇಳುತ್ತಾನೆ. ಅದನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಇನ್ನೊಂದು: ಇಲ್ಲೇ ದೇವರ ರೂಪಗಳನ್ನು ಕಂಡದ್ದು. ಇದೇ ಶಾಸನದಲ್ಲಿ ಬರುವ '256' ಎಂಬ ಸಂಖ್ಯೆ ಕೂಡ ಹಾಗೆಯೇ: ಬುದ್ಧನ ನಿರ್ವಾಣದ ನಂತರದ ವರ್ಷಗಳು ಅಂದವರಿದ್ದಾರೆ, ರಾಜ ಸಂಚಾರದಲ್ಲಿ ಕಳೆದ ರಾತ್ರಿಗಳು ಅಂದವರೂ ಇದ್ದಾರೆ. ಕಲ್ಲಿನಲ್ಲಿ ಕೊರೆದದ್ದು ಅಕ್ಷರ. ಅರ್ಥ ಮಾತ್ರ ನಾವು ಅದರ ಪಕ್ಕದಲ್ಲಿ ಏನಿಟ್ಟು ಓದುತ್ತೇವೆ ಅನ್ನುವುದರಿಂದ ಬರುತ್ತದೆ. ಹಾಗಂತ ಯಾರು ಏನು ಬೇಕಾದರೂ ಹೇಳಬಹುದು ಅಂತಲ್ಲ. ಮಸ್ಕಿ ಒಂದು ಓದನ್ನು ತಳ್ಳಿಯೇಹಾಕಿತಲ್ಲ.

ಈಗ ನನ್ನ ಪ್ರಶ್ನೆ. 'ಕೂಡಿದರು' ಅಂತ ಬರೆದರೆ ವಚನ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಕೂಡಲಸಂಗಮ, ಲಿಂಗೈಕ್ಯ ಎಲ್ಲ ನೆನಪಾಗುತ್ತದೆ. ಅದು ಅಶೋಕನ ಕಾಲಕ್ಕಿಂತ ಎಷ್ಟೋ ಈಚಿನದು. 'ಒಡನಾಡಿದರು' ಜಾಸ್ತಿ ಸಲಿಗೆಯ ಮಾತಾಯಿತು. ನನ್ನ ಒಲವು 'ಬೆರೆತರು' ಕಡೆಗೆ. ಇದಕ್ಕಿಂತ ಒಳ್ಳೆಯ ಪದ ಇದೆಯೇ?

'ಸುಳ್ಳಾದರು' ಎಂಬ ಹಳೆಯ ಓದನ್ನೂ ಅಡಿಯಲ್ಲಿ ಕೊಡಬೇಕು ಅಂತಿದ್ದೇನೆ. ಮಕ್ಕಳಿಗೆ ಗೊಂದಲ ಆಗುತ್ತದೆ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮೇಷ್ಟ್ರುಗಳು ಏನಂತೀರಿ? ಪ್ರಾಕೃತ, ಪಾಲಿ ಬಲ್ಲವರು 'ಮಿಸಾ ದೇವೇಹಿ'ಯಂಥ ಪ್ರಯೋಗ ಬೇರೆಲ್ಲಾದರೂ ಕಂಡಿದ್ದರೆ ದಯವಿಟ್ಟು ತಿಳಿಸಿ.