ಸಹಾಯ ಬೇಕು: ಆಯಿಲ್ ಕುಡಿಯುವ ಹಳೆಯ ಎಂಜಿನ್‌ಗೆ ಸೂಪರ್‌ಚಾರ್ಜರ್ ಹಾಕಿಸಬಹುದೇ?

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನಲ್ಲಿರುವ ನನ್ನ ಬಳಿ 1994ರ, 1.8 ಲೀಟರ್ ಪೆಟ್ರೋಲ್ ಎಂಜಿನ್ನಿನ ಎರಡು ಸೀಟಿನ ಕಾರಿದೆ. ಸುಮಾರು 1,500 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಖರ್ಚಾಗುತ್ತಿದ್ದರೂ ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಹನಿಯೂ ಬಿದ್ದಿರುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೂ, ಇಳಿಜಾರಿನಲ್ಲಿ ಗೇರಿನಲ್ಲೇ ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗಲೂ ನೀಲಿ ಹೊಗೆ ಬರುವುದರಿಂದ ಮೇಲಿನಿಂದ ಸಿಲಿಂಡರಿಗೆ ಆಯಿಲ್ ಇಳಿಯದಂತೆ ತಡೆಯುವ ವಾಲ್ವ್ ಸೀಲುಗಳ ಮೇಲೆ ನನಗೆ ಅನುಮಾನವಿತ್ತು. ಆದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಯಲ್ಲಿ ಮೂರು ಸಿಲಿಂಡರ್‌ಗಳು 170 ಪಿಎಸ್‌ಐ ಆಸುಪಾಸು ತೋರಿಸಿದರೆ ನಾಲ್ಕನೆಯದು 140ಕ್ಕೇ ನಿಂತಿತು. ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ನೋಡಿದಾಗ 160ಕ್ಕೇರಿತು. ಆಯಿಲ್ ಸಂದನ್ನು ಮುಚ್ಚಿದ್ದರಿಂದ ಒತ್ತಡ ಏರಿತು ಎಂದರೆ ಪಿಸ್ಟನ್ ರಿಂಗುಗಳೂ ಸವೆದಿರಬೇಕಲ್ಲವೇ? ಎಂಜಿನ್ನಿನ ಕೆಳಭಾಗದ (ಕ್ರ್ಯಾಂಕ್‌ಕೇಸ್) ಅನಿಲವನ್ನು ಇನ್‌ಟೇಕಿಗೆ ಬಿಡುವ ಪಿಸಿವಿ ವಾಲ್ವ್ ಬದಲಿಸಿಯಾಗಿದೆ.

ಈ ನಡುವೆ 6 ಪಿಎಸ್‌ಐ ಬೂಸ್ಟ್ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಹೆಚ್ಚುವರಿ ಒತ್ತಡ) ಕೊಡುವ, ಎರಡು ರೋಟರ್‌ಗಳು ತಿರುಗಿ ಗಾಳಿ ತಳ್ಳುವ ರೂಟ್ಸ್ ಮಾದರಿಯ ಸೆಕೆಂಡ್ ಹ್ಯಾಂಡ್ ಸೂಪರ್‌ಚಾರ್ಜರ್ ಒಂದನ್ನು ಕೊಂಡುಬಿಟ್ಟಿದ್ದೇನೆ; ಆತುರ ನನ್ನದೇ. ಬೂಸ್ಟ್ ಏರಿದಂತೆ ರಿಂಗುಗಳ ಸಂದಿನಿಂದ ಕ್ರ್ಯಾಂಕ್‌ಕೇಸಿಗೆ ನುಗ್ಗುವ ಅನಿಲವೂ ಹೆಚ್ಚುತ್ತದೆ, ಪೆಟ್ರೋಲಿನ ಜೊತೆ ಉರಿಯುವ ಆಯಿಲ್ ಆಕ್ಟೇನ್ ಮಟ್ಟವನ್ನು ತಗ್ಗಿಸಿ ನಾಕಿಂಗ್‌ಗೆ (ಇಂಧನ ತಾನಾಗಿಯೇ ಹೊತ್ತಿ ಸಿಡಿಯುವುದಕ್ಕೆ) ದಾರಿ ಮಾಡುತ್ತದೆ ಎಂಬುದು ತಿಳಿದಿದೆ. ಆಯಿಲ್ ಆವಿಯನ್ನು ಹಿಡಿದಿಡುವ ಡಬ್ಬಿಯಾದ ಕ್ಯಾಚ್ ಕ್ಯಾನ್ ಹಾಕಿದರೆ ಆಯಿಲ್ ಆವಿ ಇನ್‌ಟೇಕಿಗೆ ಹೋಗುವುದು ತಪ್ಪೀತೇ ಹೊರತು ಸವೆದ ರಿಂಗು ಸರಿಹೋಗದು.

ಎಂಜಿನ್ ಬಿಚ್ಚುವ ಮೊದಲು, ಸಿಲಿಂಡರಿಗೆ ಗಾಳಿ ತುಂಬಿ ಎಲ್ಲಿಂದ ಸೋರುತ್ತದೆ ಎಂದು ನೋಡುವ ಲೀಕ್‌ಡೌನ್ ಪರೀಕ್ಷೆ ಮಾಡಿಸುವುದು ಅಗತ್ಯವೇ? ಬಿಚ್ಚಿದ ಮೇಲೆ ಹೋನಿಂಗ್ (ಸಿಲಿಂಡರಿನ ಒಳಗೋಡೆ ಉಜ್ಜಿ ನಯಗೊಳಿಸುವುದು) ಮಾಡಿಸಿ ಹೊಸ ರಿಂಗು ಹಾಕಿದರೆ ಈ ಬೂಸ್ಟಿಗೆ ಸಾಕೇ, ಅಥವಾ ಬೋರ್ ಮಾಡಿಸಿ (ಸಿಲಿಂಡರನ್ನು ಕೊರೆದು ಅಗಲಿಸಿ) ಓವರ್‌ಸೈಜ್ ಪಿಸ್ಟನ್ನಿಗೇ ಹೋಗಬೇಕೇ? ಸ್ವತಃ ಮಾಡಿಸಿರುವವರು ದಯವಿಟ್ಟು ತಿಳಿಸಿ.